ಬಿಲ್ ಇಲ್ಲದ ಮೆಷಿನ್ ಮುಟ್ಟಬೇಡಿ!

ದಹ್ರಾನ್, ಖೋಬರ್, ತುಕ್ಬಾ, ದಮಾಮ್‌ನಲ್ಲಿ ದುಡಿಯುವ ಕನ್ನಡದ ಅಣ್ಣಂದಿರೇ, ತಮ್ಮಂದಿರೇ!

ಈ ಹಾಳೆ ಫಿಟ್ಟರಿಗೆ. ವೆಲ್ಡರಿಗೆ. ಬಡಗಿಗೆ. ಎಸಿ ಮೆಕ್ಯಾನಿಕ್ಕಿಗೆ. ಬೆಳಕು ಹರಿಯುವ ಮುಂಚೆ ಎದ್ದು, ಕಂಪನಿ ಬಸ್ಸಿನಲ್ಲಿ ತೂಕಡಿಸುತ್ತ ಸೈಟಿಗೆ ಹೋಗುವ ಹೆಲ್ಪರಿಗೆ.

ನಮ್ಮ ಅನ್ನ ಇರುವುದು ನಮ್ಮ ಕೈಯಲ್ಲಿ. ಆ ಕೈಗೆ ಡೂಪ್ಲಿಕೇಟ್ ಗ್ರೈಂಡರ್ ಹಿಡಿಸುತ್ತಿದ್ದಾರೆ! ತಾರೀಖು ಮುಗಿದ ಡಿಸ್ಕ್ ಹಾಕಿಸುತ್ತಿದ್ದಾರೆ! ಒಂದು ವಾರಕ್ಕೆ ಹೊಗೆ ಬಿಡುವ ಡ್ರಿಲ್ ಮಾರುತ್ತಿದ್ದಾರೆ! ಕೆಟ್ಟರೆ ಕೇಳುವವರಿಲ್ಲ. ಸುಟ್ಟರೆ ಸಂಬಳದಲ್ಲಿ ಕಟ್. ಒಡೆದರೆ ನಮ್ಮ ಮುಖಕ್ಕೇ ಏಟು.

ಸಾಕು!

ಬೈಂದೂರು ಕಡೆಯ ಒಬ್ಬ ಹುಡುಗ ನಮ್ಮ ಸೈಟಿಗೆ ಹೊಸದಾಗಿ ಬಂದಿದ್ದ. ಅವನ ಕೈಗೆ ನಾಲ್ಕೂವರೆ ಇಂಚಿನ ಗ್ರೈಂಡರ್ ಕೊಟ್ಟರು. ಪೈಪು ದಪ್ಪ, ಡಿಸ್ಕ್ ಒಳಗೆ ಹೋಗುತ್ತಿರಲಿಲ್ಲ. ‘ಗಾರ್ಡ್ ಬಿಚ್ಚು, ಏಳು ಇಂಚಿನ ಡಿಸ್ಕ್ ಹಾಕು, ಬೇಗ ಮುಗಿಸು’ ಎಂದ ಫೋರ್‌ಮನ್. ಹುಡುಗ ಹಾಗೇ ಮಾಡಿದ. ಡಿಸ್ಕ್ ಸಿಡಿಯಿತು. ಚೂರೊಂದು ಕಣ್ಣಿನ ಕೆಳಗೆ ಕೆನ್ನೆ ಸೀಳಿಕೊಂಡು ಹೋಯಿತು. ಒಂದು ಬೆರಳಿನಷ್ಟು ಮೇಲೆ ತಾಗಿದ್ದರೆ ಕಣ್ಣೇ ಇರುತ್ತಿರಲಿಲ್ಲ. ‘ಊರಲ್ಲಿ ಅಮ್ಮನಿಗೆ ಹೇಳಬೇಡಿ’ ಎಂಬುದು ಅವನ ಬಾಯಿಂದ ಬಂದ ಮೊದಲ ಮಾತು.

ಇದಕ್ಕೆ ಹಣೆಬರಹ ಎನ್ನುತ್ತೀರಾ? ಅಲ್ಲ! ಇದು ಲೆಕ್ಕ. ಎಲ್ಲರಿಗೂ ಗೊತ್ತಿರಬೇಕಾದ ಲೆಕ್ಕ!

ನಾಲ್ಕೂವರೆ ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದರ ಸರಿಯಾದ ಡಿಸ್ಕ್ ಮೇಲೆ 13,300 ಎಂದು ಅಚ್ಚಾಗಿರುತ್ತದೆ. ಅಂದರೆ ಅಷ್ಟು ಸುತ್ತು ತಾಳುತ್ತದೆ ಎಂದು ಅರ್ಥ. ಏಳು ಇಂಚಿನ ಡಿಸ್ಕ್ ತಾಳುವುದು ಬರೀ 8,500. ಅದನ್ನು ಚಿಕ್ಕ ಗ್ರೈಂಡರಿಗೆ ಹಾಕಿದರೆ ಸಿಡಿಯದೆ ಇನ್ನೇನಾಗುತ್ತದೆ? ಅದರ ಅಂಚು ಆಗ ಸೆಕೆಂಡಿಗೆ 100 ಮೀಟರಿಗೂ ಮೇಲೆ ಓಡುತ್ತಿರುತ್ತದೆ. ತಾಳುವ ಮಿತಿ 80 ಮೀಟರ್. ಆ 80 ಮೀಟರ್ ಎಂದರೇ ಗಂಟೆಗೆ 288 ಕಿಲೋಮೀಟರ್. ಆ ವೇಗದಲ್ಲಿ ಹಾರಿದ ಚೂರಿಗೆ ನಮ್ಮ ಕೆನ್ನೆ ಯಾವ ಲೆಕ್ಕ!

ಡಿಸ್ಕ್ ಮೇಲಿನ ಸುತ್ತಿನ ಅಂಕಿ ಮೆಷಿನ್ ಮೇಲಿನ ಅಂಕಿಗಿಂತ ಯಾವಾಗಲೂ ಹೆಚ್ಚಿರಬೇಕು. ಗಾರ್ಡ್ ಬಿಚ್ಚಿದ ಗ್ರೈಂಡರ್ ಹಿಡಿಯಬೇಡಿ. ಯಾರೇ ಹೇಳಲಿ, ಹಿಡಿಯಬೇಡಿ!

ಇನ್ನೊಂದು ವಿಷಯ. ಡಿಸ್ಕಿಗೂ ತಾರೀಖು ಇದೆ. ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ನಡುವಿನ ತೂತಿನ ಸುತ್ತ ಇರುವ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ತಯಾರಾದ ಮೂರು ವರ್ಷಕ್ಕೆ ಅದರ ಆಯಸ್ಸು ಮುಗಿಯಿತು. ಡಿಸ್ಕಿನ ಕಾಳುಗಳನ್ನು ಹಿಡಿದಿಡುವುದು ರಾಳದ ಅಂಟು. ತೇವ ತಾಗಿದರೆ ಆ ಅಂಟು ಬಲ ಕಳೆದುಕೊಳ್ಳುತ್ತದೆ. ನಾವಿರುವುದು ಎಲ್ಲಿ? ದಹ್ರಾನಿನಲ್ಲಿ! 2003ರ ಜುಲೈ 8ರಂದು ಈ ಊರಿನಲ್ಲಿ ಇಬ್ಬನಿ ಬಿಂದು 35 ಡಿಗ್ರಿ ಮುಟ್ಟಿತ್ತು. ಲೋಕದಲ್ಲಿ ಬೇರೆಲ್ಲೂ ದಾಖಲಾಗದಷ್ಟು ಒದ್ದೆ ಸೆಕೆ ಅದು. ಅಂಗಿ ಹಿಂಡಿದರೆ ನೀರು ಸುರಿಯುವ ಈ ಹವೆಯಲ್ಲಿ, ಅಂಗಡಿ ಬಾಗಿಲಲ್ಲಿ ಹಗ್ಗಕ್ಕೆ ಪೋಣಿಸಿ ತೂಗುಹಾಕಿದ ಡಿಸ್ಕ್ ಯಾವ ಸ್ಥಿತಿಯಲ್ಲಿರುತ್ತದೆ? ಅದನ್ನೇ ನಮಗೆ ‘ಡಜನ್ ರೇಟು’ ಎಂದು ಕಟ್ಟಿಕೊಡುತ್ತಾರೆ.

ತಾರೀಖು ಇಲ್ಲದ ಡಿಸ್ಕ್ ತೆಗೆದುಕೊಳ್ಳಬೇಡಿ. ತಾರೀಖು ಮುಗಿದದ್ದು ಸಿಕ್ಕರೆ ಎರಡು ತುಂಡು ಮಾಡಿ ಬಿಸಾಡಿ. ಮೂಲೆಯಲ್ಲಿ ಇಟ್ಟರೆ ಯಾರೋ ಪಾಪದವನು ಹಾಕಿಕೊಳ್ಳುತ್ತಾನೆ. ಹೊಸ ಡಿಸ್ಕ್ ಹಾಕಿದ ಮೇಲೆ ಕೆಲಸಕ್ಕೆ ಇಳಿಯುವ ಮುನ್ನ ಅರ್ಧ ನಿಮಿಷ ಬರಿದೇ ಓಡಿಸಿ. ಮುಖ ಆಚೆ ಇರಲಿ. ಕನ್ನಡಕದ ಮೇಲೆ ‘ಝಡ್ 87’ ಗುರುತು ಇದೆಯೇ ನೋಡಿ. ಬಿಸಿಲಿನ ಕಪ್ಪು ಕನ್ನಡಕ ಕಣ್ಣು ಉಳಿಸುವುದಿಲ್ಲ.

ಈಗ ಮೆಷಿನ್ ಮಾತಿಗೆ ಬರೋಣ.

ಶುಕ್ರವಾರ ಸಂಜೆ ನಾವು ತುಕ್ಬಾಕ್ಕೆ ಹೋಗುತ್ತೇವೆ. ಹಾರ್ಡ್‌ವೇರ್ ಅಂಗಡಿಗಳ ಸಾಲು. ಮಕಿತಾ, ಬಾಷ್, ಡಿವಾಲ್ಟ್ ಎಂದು ಬೋರ್ಡು. ಅಸಲಿ ಮಾಲು ಮಾರುವ ಒಳ್ಳೆಯ ಅಂಗಡಿಗಳೂ ಅಲ್ಲಿವೆ, ಇಲ್ಲವೆನ್ನುವುದಿಲ್ಲ. ಆದರೆ ಹೊರಗೆ ಪಾರ್ಕಿಂಗಿನಲ್ಲಿ ಒಬ್ಬ ಬರುತ್ತಾನೆ. ‘ಭಾಯ್, ಸೈಟಿನಲ್ಲಿ ಉಳಿದ ಮಾಲು, ಅರ್ಧ ರೇಟು’ ಎನ್ನುತ್ತಾನೆ. ಕಾರಿನ ಡಿಕ್ಕಿ ತೆರೆಯುತ್ತಾನೆ. ಬಣ್ಣ ಅದೇ, ಪೆಟ್ಟಿಗೆ ಅದೇ, ಹೆಸರಿನಲ್ಲಿ ಒಂದಕ್ಷರ ಬೇರೆ. ಕೆಲವು ಸಲ ಅಕ್ಷರವೂ ಅದೇ.

ಅವನಿಂದ ಕೊಳ್ಳಬೇಡಿ! ಅದು ನಕಲಿಯಾದರೆ ದುಡ್ಡು ಹೋಯಿತು. ಕದ್ದದ್ದಾದರೆ? ಬಿಲ್ ಇಲ್ಲದ ಮೆಷಿನ್ ಹಿಡಿದುಕೊಂಡು ಪೊಲೀಸರ ಮುಂದೆ ಇಕಾಮಾ ಚಾಚಿ ನಿಲ್ಲುವವರು ನೀವು. ಮಾರಿದವನು ಆಗ ಎಲ್ಲೋ!

ಮೆಷಿನ್ ಕೈಗೆತ್ತಿಕೊಂಡರೆ ಮೊದಲು ಅದರ ಪ್ಲೇಟ್ ಓದಿ. ಎಷ್ಟು ವೋಲ್ಟ್, ಎಷ್ಟು ಹರ್ಟ್ಜ್, ಎಷ್ಟು ವ್ಯಾಟ್, ಎಷ್ಟು ಸುತ್ತು, ಸೀರಿಯಲ್ ನಂಬರ್ ಏನು. ಸೀರಿಯಲ್ ನಂಬರ್ ಇಲ್ಲದಿದ್ದರೆ ಅಲ್ಲೇ ಕೆಳಗಿಡಿ. ಪೆಟ್ಟಿಗೆಯ ನಂಬರ್ ಒಂದು, ಮೆಷಿನ್ ನಂಬರ್ ಇನ್ನೊಂದು ಆಗಿದ್ದರೂ ಕೆಳಗಿಡಿ. ‘ಹೊಚ್ಚ ಹೊಸ ಹಿಟಾಚಿ ಡ್ರಿಲ್’ ಎಂದು ಯಾರಾದರೂ ತಂದರೆ ನೆನಪಿರಲಿ: ಆ ಕಂಪನಿ 2018ರಲ್ಲೇ ತನ್ನ ಮೆಷಿನ್‌ಗಳ ಹೆಸರನ್ನು ಹೈಕೋಕಿ ಎಂದು ಬದಲಿಸಿದೆ. ಹಾಗಾದರೆ ಇದು ಎಲ್ಲಿಂದ ಬಂತು? ಕೇಳಿ!

ವೋಲ್ಟ್ ಯಾಕೆ ಓದಬೇಕು? ಈ ಊರಿನ ಕರೆಂಟಿನ ಕಥೆಯೇ ಬೇರೆ. ಎಣ್ಣೆ ಹುಡುಕಲು ಬಂದ ಅಮೆರಿಕದವರು 1938ರಲ್ಲಿ ಇಲ್ಲಿನ 7ನೇ ಬಾವಿಯಲ್ಲಿ ಎಣ್ಣೆ ಕಂಡರು. ಕ್ಯಾಂಪ್ ಕಟ್ಟಿದರು. ತಮ್ಮ ದೇಶದ ಕರೆಂಟಿನ ಪದ್ಧತಿಯನ್ನೂ ತಂದರು. ಇಂದಿಗೂ ಅರಾಮ್ಕೊ ಕ್ಯಾಂಪಿನ ಒಳಗೆ 120 ವೋಲ್ಟ್. ಗೇಟು ದಾಟಿದರೆ 220, 230. ಹಳೇ ಕಟ್ಟಡಗಳಲ್ಲಿ 127 ಕೂಡ ಇದೆ. ಎಲ್ಲವನ್ನೂ 230ಕ್ಕೆ ತರಬೇಕೆಂದು ಸರ್ಕಾರ 2010ರಲ್ಲಿ ತೀರ್ಮಾನಿಸಿತು, ಆದರೆ ಅದು ನಿಧಾನವಾಗಿ ಆಗುವ ಕೆಲಸ. ಹಾಗಾಗಿ 110ರ ಮೆಷಿನನ್ನು 220ರ ಪಾಯಿಂಟಿಗೆ ಚುಚ್ಚಿದರೆ ಕಣ್ಣೆದುರೇ ಹೊಗೆ! ಆರ್ಮೇಚರ್ ಹೋಯಿತು, ವೈಂಡಿಂಗ್ ಹೋಯಿತು. ಪ್ಲಗ್ ಬದಲಿಸಿ ‘ಎಲ್ಲಾ ಕಡೆ ನಡೆಯುತ್ತೆ’ ಎಂದು ಮಾರುವವನ ಮಾತು ನಂಬಬೇಡಿ. ಪ್ಲಗ್ ಏನೂ ಹೇಳುವುದಿಲ್ಲ, ಪ್ಲೇಟ್ ಹೇಳುತ್ತದೆ.

ಸುಟ್ಟ ಮೇಲೆ ಏನಾಗುತ್ತದೆ? ಅದು ನಮಗೆಲ್ಲ ಗೊತ್ತು. ಅಂಗಡಿಗೆ ಹೋದರೆ ‘ನಮ್ಮದಲ್ಲ’. ಕಂಪನಿಗೆ ಹೋದರೆ ‘ನೀನೇ ಸುಟ್ಟಿದ್ದು’. ತಿಂಗಳ ಕೊನೆಗೆ ಸಂಬಳದ ಚೀಟಿಯಲ್ಲಿ ಮೆಷಿನ್ ದುಡ್ಡು ಕಡಿತ. ಊರಿಗೆ ಕಳಿಸುವ ದುಡ್ಡಿನಲ್ಲಿ ಕಡಿತ. ಮಗಳ ಫೀಸಿನಲ್ಲಿ ಕಡಿತ. ಬಂಟ್ವಾಳದ ಮನೆಯ ಸಾಲದ ಕಂತಿನಲ್ಲಿ ಕಡಿತ. ಮೂರನೇ ದರ್ಜೆಯ ಮಾಲು ತಂದವನೊಬ್ಬ, ಲಾಭ ತಿಂದವನೊಬ್ಬ, ದುಡ್ಡು ಕಟ್ಟುವವನು ಹೆಲ್ಪರ್!

ಕಾನೂನು ಹೀಗೆ ಹೇಳುವುದಿಲ್ಲ. ಗಮನವಿಟ್ಟು ಓದಿ, ಗೆಳೆಯರಿಗೂ ಹೇಳಿ.

ಸೌದಿ ಕಾರ್ಮಿಕ ಕಾನೂನಿನ 91ನೇ ವಿಧಿ: ನಿಮ್ಮ ತಪ್ಪಿನಿಂದ ಮೆಷಿನ್ ಹಾಳಾದರೆ ಮಾತ್ರ ಕಡಿತ. ಅದೂ ತಿಂಗಳಿಗೆ ಐದು ದಿನದ ಸಂಬಳಕ್ಕಿಂತ ಹೆಚ್ಚು ಕಡಿಯುವಂತಿಲ್ಲ. ಮೆಷಿನ್ ತಾನೇ ಕಳಪೆಯಾಗಿದ್ದರೆ ಅದು ನಿಮ್ಮ ತಪ್ಪೇ? ಅಲ್ಲ! ಕಡಿತ ಒಪ್ಪದಿದ್ದರೆ ದೂರು ಕೊಡುವ ಹಕ್ಕು ನಿಮಗಿದೆ. ಮಾನವ ಸಂಪನ್ಮೂಲ ಸಚಿವಾಲಯದ ನಂಬರ್ 19911. ದೂರಿಗೆ ದಿನಗಳ ಮಿತಿ ಇದೆ, ‘ಆಮೇಲೆ ನೋಡೋಣ’ ಎಂದು ಕೂರಬೇಡಿ.

122ನೇ ವಿಧಿ: ಮೆಷಿನಿನ ಅಪಾಯದಿಂದ ನಿಮ್ಮನ್ನು ಕಾಪಾಡುವುದು ಮಾಲೀಕರ ಹೊಣೆ. ಅದಕ್ಕಾಗುವ ಖರ್ಚಿನ ಒಂದು ಹಲಾಲವನ್ನೂ ನಿಮ್ಮ ಸಂಬಳದಿಂದ ಹಿಡಿಯುವಂತಿಲ್ಲ. ಸುರಕ್ಷತೆಯ ಸೂಚನೆಗಳನ್ನು ಬೇಕಾದಲ್ಲಿ ನಿಮಗೆ ತಿಳಿಯುವ ಭಾಷೆಯಲ್ಲೂ ಹಾಕಬೇಕು. ಗ್ಲೌಸಿಗೆ, ಕನ್ನಡಕಕ್ಕೆ ದುಡ್ಡು ಕಡಿದಿದ್ದರೆ ಆ ಚೀಟಿ ಜೋಪಾನವಾಗಿಡಿ. ಅದೇ ನಿಮ್ಮ ಸಾಕ್ಷಿ.

ಗಾಯವಾದರೆ ಮುಚ್ಚಿಡಬೇಡಿ! ‘ರೂಮಿನಲ್ಲಿ ಜಾರಿ ಬಿದ್ದೆ ಎಂದು ಬರೆಸು, ಎರಡು ದಿನ ರಜೆ ಕೊಡುತ್ತೇನೆ’ ಎಂದರೆ ಒಪ್ಪಬೇಡಿ. ಕೆಲಸದಲ್ಲಾದ ಗಾಯಕ್ಕೆ ಗೋಸಿ ಎಂಬ ಸರ್ಕಾರಿ ವಿಮೆ ಇದೆ. ಹೊರದೇಶದ ನಮಗೂ ಇದೆ. ಸಂಬಳದ ಮೇಲೆ ಶೇಕಡಾ 2ರ ಕಂತನ್ನು ಕಂಪನಿಯೇ ಕಟ್ಟಬೇಕು, ನಾವಲ್ಲ. ಸುಳ್ಳು ಬರೆಸಿದ ದಿನವೇ ಆ ಹಕ್ಕು ಕೈಬಿಟ್ಟ ಹಾಗೆ.

ಕೈ ಉಪಕರಣದ ಕಥೆಯೂ ಇದೇ. ಸ್ಪ್ಯಾನರ್ ಮೇಲೆ ‘ಕ್ರೋಮ್ ವನಾಡಿಯಂ’ ಎಂದು ಕೆತ್ತಿರುತ್ತದೆ. ಒಳಗೆ ಮೆತ್ತಗಿನ ಕಬ್ಬಿಣ. ಜೋರು ಹಾಕಿದರೆ ಬಾಯಿ ಅಗಲವಾಗುತ್ತದೆ, ನಟ್ಟಿನ ಮೂಲೆ ಸವೆಯುತ್ತದೆ, ಕೈ ಜಾರಿ ಗೆಣ್ಣು ಹೋಗಿ ಪೈಪಿಗೆ ಬಡಿಯುತ್ತದೆ. ನಮ್ಮೆಲ್ಲರ ಗೆಣ್ಣಿನ ಮೇಲೂ ಆ ಕಲೆ ಇದೆ! ಎಲೆಕ್ಟ್ರಿಷಿಯನ್ ಅಣ್ಣಂದಿರೇ, ಪ್ಲಾಯರಿನ ಹಿಡಿ ಕೆಂಪು ಹಳದಿ ಇದ್ದ ಮಾತ್ರಕ್ಕೆ ಕರೆಂಟ್ ತಡೆಯುವುದಿಲ್ಲ. ಜೋಡಿ ತ್ರಿಕೋನದ ಗುರುತು, ಪಕ್ಕದಲ್ಲಿ 1000 ವೋಲ್ಟ್ ಎಂದು ಇರಬೇಕು. ಅದಿಲ್ಲದಿದ್ದರೆ ಅದು ಬರೀ ಬಣ್ಣದ ರಬ್ಬರ್.

ಬ್ಯಾಟರಿ ಡ್ರಿಲ್ ಇರುವವರು ಕೇಳಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಲ್ಲಿ ನಮ್ಮನ್ನು ದುಡಿಸುವಂತಿಲ್ಲ. ನಾವು ನೆರಳಿಗೆ ಬರುತ್ತೇವೆ, ಬ್ಯಾಟರಿಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಬಿಸಿಲಲ್ಲೇ ಬಿಟ್ಟಿರುತ್ತೇವೆ. ಅದನ್ನೇ ತಂದು ಚಾರ್ಜಿಗೆ ಹಾಕುತ್ತೇವೆ. ಚಾರ್ಜಿಂಗ್ 40 ಡಿಗ್ರಿ ಒಳಗೇ ಆಗಬೇಕು ಎಂದು ತಯಾರಕರೇ ಹೇಳುತ್ತಾರೆ. ಅಸಲಿ ಬ್ಯಾಟರಿ ಬಿಸಿಯಾದರೆ ತಾನೇ ಚಾರ್ಜ್ ನಿಲ್ಲಿಸುತ್ತದೆ. ಎಷ್ಟೋ ನಕಲಿಗಳೊಳಗೆ ಆ ಸರ್ಕ್ಯೂಟೇ ಇರುವುದಿಲ್ಲ. ಮಂಚದ ಮೇಲೆ ಮಂಚ ಹಾಕಿದ ರೂಮಿನಲ್ಲಿ, ಎಲ್ಲರೂ ಮಲಗಿರುವಾಗ, ನಕಲಿ ಬ್ಯಾಟರಿ ಚಾರ್ಜಿಗೆ ಹಾಕಬೇಡಿ. ಬೆಂಕಿ ಹತ್ತಿದರೆ ಬಾಗಿಲು ಒಂದೇ!

ಇನ್ನು ಸರ್ವಿಸ್. ನಾವು ಎಲ್ಲರೂ ಸೋಲುವುದು ಇಲ್ಲೇ.

ಮೆಷಿನ್ ಎಷ್ಟೇ ಒಳ್ಳೆಯದಿರಲಿ, ಅದರ ಕಾರ್ಬನ್ ಬ್ರಷ್ ಸವೆಯುತ್ತದೆ, ಸ್ವಿಚ್ ಹೋಗುತ್ತದೆ, ಈ ಊರಿನ ಮರಳು ಬೇರಿಂಗಿಗೆ ನುಗ್ಗುತ್ತದೆ. ಕೆಲವೇ ರಿಯಾಲಿನ ಕಾರ್ಬನ್ ಸಿಗದಿದ್ದರೆ ನೂರಾರು ರಿಯಾಲಿನ ಮೆಷಿನ್ ಗುಜರಿಗೆ. ಅಳತೆಗೆ ಬಾರದ ಕಾರ್ಬನನ್ನು ಉಜ್ಜಿ ತೂರಿಸಿದರೆ ಕಿಡಿ ಹಾರಿ ಆರ್ಮೇಚರೂ ಹಾಳು.

ಅದಕ್ಕೇ ದುಡ್ಡು ಕೊಡುವ ಮುಂಚೆ ಅಂಗಡಿಯವನಿಗೆ ಹೇಳಿ: ‘ಇದರ ಕಾರ್ಬನ್ ಒಂದು ಜೊತೆ ಈಗಲೇ ಕೊಡು.’ ತಕ್ಷಣ ತೆಗೆದುಕೊಟ್ಟರೆ ಆ ಮೆಷಿನ್‌ಗೆ ಮುಂದೆಯೂ ಗತಿ ಇದೆ. ‘ನಾಳೆ ಬಾ, ಜೆದ್ದಾದಿಂದ ಬರಬೇಕು’ ಎಂದರೆ ಮೆಷಿನ್ ಅಲ್ಲೇ ಬಿಡಿ, ದುಡ್ಡು ಜೇಬಿನಲ್ಲೇ ಇರಲಿ. ನಮ್ಮ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಮೂರು ಮಾತು ಬಾಯಿಪಾಠ ಮಾಡಿಕೊಳ್ಳಿ: ಬಿಲ್ಲಿಗೆ ಫಾತೂರಾ, ವಾರಂಟಿಗೆ ದಮಾನ್, ರಿಪೇರಿಗೆ ಸಿಯಾನಾ. ಮೂರನ್ನೂ ಕೇಳಿ. ಸರ್ವಿಸ್ ಸೆಂಟರ್ ಎಲ್ಲಿದೆ, ಖೋಬರಿನಲ್ಲೋ ದಮಾಮಿನಲ್ಲೋ, ವಾರಂಟಿ ಕಾರ್ಡಿನ ಹಿಂದೆ ಬರೆಸಿಕೊಳ್ಳಿ, ಸೀಲು ಹಾಕಿಸಿ.

ಬಿಲ್ ಎಂದರೆ ಕಾಗದದ ಚೂರಿನ ಮೇಲೆ ಪೆನ್ನಿನಲ್ಲಿ ಗೀಚಿದ್ದಲ್ಲ! ವ್ಯಾಟ್ ತೆರಿಗೆಯ ನೋಂದಣಿ ಇರುವ ಅಂಗಡಿ 2021ರ ಡಿಸೆಂಬರ್ 4ರಿಂದ ಕೈಬರಹದ ಬಿಲ್ ಕೊಡುವಂತಿಲ್ಲ. ಬಿಲ್ಲಿಂಗ್ ಮೆಷಿನಿನಿಂದ ಬಂದ, ಕ್ಯೂಆರ್ ಕೋಡ್ ಇರುವ ಬಿಲ್ಲೇ ಬೇಕು. ಶೇಕಡಾ 15 ವ್ಯಾಟ್ ಕಟ್ಟುವವರು ನಾವು, ಬಿಲ್ ಕೇಳಲು ನಾಚಿಕೆ ಯಾಕೆ? ‘ಬಿಲ್ ಬೇಡವೆಂದರೆ 20 ರಿಯಾಲ್ ಕಡಿಮೆ’ ಎಂದರೆ ಎಚ್ಚರ! ಆ 20 ರಿಯಾಲಿಗೆ ನಿಮ್ಮ ವಾರಂಟಿ ಮಾರಿದಿರಿ. ಇನ್ನೊಂದು, ಬಿಲ್ ಕೈಗೆ ಬಂದ ತಕ್ಷಣ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಆ ನುಣುಪು ಕಾಗದ ಈ ಬಿಸಿಲಿಗೆ ಅಳಿಸಿ ಬೆಳ್ಳಗಾಗುತ್ತದೆ. ಆರು ತಿಂಗಳ ನಂತರ ಖಾಲಿ ಕಾಗದ ಹಿಡಿದು ಹೋದರೆ ಯಾರು ಕೇಳುತ್ತಾರೆ? ಮೆಷಿನ್ ಪ್ಲೇಟಿನ ಫೋಟೋ ಕೂಡ ಜೊತೆಗಿರಲಿ. ವಾರಂಟಿ ಇರುವಾಗ ಸ್ಕ್ರೂ ಬಿಚ್ಚಬೇಡಿ, ‘ನೀನೇ ತೆರೆದಿದ್ದೀಯ’ ಎಂದು ವಾಪಸ್ ಕಳಿಸುತ್ತಾರೆ.

ಕಂಪನಿಯ ಅಧಿಕೃತ ಏಜೆಂಟ್ ಬಿಡಿಭಾಗ, ರಿಪೇರಿ, ವಾರಂಟಿ ಮೂರನ್ನೂ ಕೊಡಲೇಬೇಕು ಎಂದು ಇಲ್ಲಿನ ವಾಣಿಜ್ಯ ಏಜೆನ್ಸಿ ಕಾನೂನು ಹೇಳುತ್ತದೆ. ಅದು ಅವರು ತೋರುವ ದಯೆಯಲ್ಲ, ನಮ್ಮ ಹಕ್ಕು. ನಕಲಿ ಮಾರಿದರೆ 2008ರ ವಾಣಿಜ್ಯ ವಂಚನೆ ತಡೆ ಕಾನೂನಿದೆ. ದಂಡವೂ ಇದೆ, ಜೈಲೂ ಇದೆ. ವಾಣಿಜ್ಯ ಸಚಿವಾಲಯದ ನಂಬರ್ 1900. ಮೊಬೈಲಿನಲ್ಲಿ ‘ಬಲಾಗ್ ತಿಜಾರಿ’ ಆ್ಯಪ್ ಇದೆ. ಬಿಲ್ಲಿನ ಫೋಟೋ, ಮೆಷಿನಿನ ಫೋಟೋ ಹಾಕಿ ದೂರು ಕೊಡಿ. ಅರಬಿ ಬರುವುದಿಲ್ಲವೇ? ಪ್ರತಿ ಕ್ಯಾಂಪಿನಲ್ಲೂ ಅರಬಿ ಬಲ್ಲ ಒಬ್ಬ ಭಟ್ಕಳದವನೋ ಮಂಗಳೂರಿನವನೋ ಸಿಗುತ್ತಾನೆ. ಅವನ ಪಕ್ಕ ಕೂತು ದೂರು ಬರೆಸಿ. ಇಕಾಮಾಕ್ಕೆ ತೊಂದರೆಯಾಗುತ್ತದೆ ಎಂದು ಹೆದರಿಸುವವರಿದ್ದಾರೆ. ಸರ್ಕಾರವೇ ತೆರೆದಿಟ್ಟ ನಂಬರಿಗೆ ಫೋನ್ ಮಾಡುವುದು ಅಪರಾಧವಲ್ಲ!

ಎಕ್ಸಿಟ್ ಹೊಡೆದು ಊರಿಗೆ ಹೊರಟವರೇ, ನಿಮಗೂ ಒಂದು ಮಾತು. ಪುತ್ತೂರಿನಲ್ಲೋ ಕುಂದಾಪುರದಲ್ಲೋ ಬೀದರಿನಲ್ಲೋ ಸ್ವಂತ ವರ್ಕ್‌ಶಾಪ್ ಹಾಕುವ ಆಸೆ ನಿಮ್ಮದು. ವರ್ಷಗಟ್ಟಲೆ ಕೂಡಿಟ್ಟ ದುಡ್ಡಿನಲ್ಲಿ ಮೆಷಿನ್ ಕೊಂಡು ಹೋಗುತ್ತೀರಿ. ಊರಿನಲ್ಲಿ 230 ವೋಲ್ಟ್, 50 ಹರ್ಟ್ಜ್. ಇಲ್ಲಿ 60 ಹರ್ಟ್ಜ್. ಕೈ ಡ್ರಿಲ್, ಗ್ರೈಂಡರಿಗೆ ಹರ್ಟ್ಜ್ ಅಷ್ಟು ತೊಂದರೆ ಕೊಡುವುದಿಲ್ಲ, ವೋಲ್ಟ್ ಸರಿಯಿದ್ದರೆ ಸಾಕು. ಆದರೆ 60 ಹರ್ಟ್ಜ್ ಎಂದೇ ಬರೆದಿರುವ ಕಂಪ್ರೆಸರ್, ಬೆಂಚ್ ಗ್ರೈಂಡರ್ ಊರಿನ ಕರೆಂಟಿಗೆ ನಿಧಾನವಾಗಿ ಓಡಿ, ಬಿಸಿಯಾಗಿ, ಒಂದು ದಿನ ನಿಲ್ಲುತ್ತವೆ. ಬಹುತೇಕ ಕಂಪನಿಗಳ ವಾರಂಟಿ ಕೊಂಡ ದೇಶ ಬಿಟ್ಟರೆ ನಡೆಯುವುದಿಲ್ಲ. ಆ ಮಾಡೆಲ್ ಊರಿನಲ್ಲಿ ಮಾರಾಟಕ್ಕಿದೆಯೇ, ಸ್ಪೇರ್ ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಸಿಗುತ್ತದೆಯೇ ಎಂದು ಮೊದಲು ಫೋನ್ ಮಾಡಿ ಕೇಳಿ. ವಿಮಾನದಲ್ಲಿ ಮೆಷಿನ್ ಚೆಕ್-ಇನ್ ಬ್ಯಾಗಿಗೆ, ಬಿಡಿ ಬ್ಯಾಟರಿ ಕೈಚೀಲಕ್ಕೆ. 18 ವೋಲ್ಟ್ 5 ಆಂಪಿಯರ್-ಅವರ್ ಬ್ಯಾಟರಿ 90 ವ್ಯಾಟ್-ಅವರ್, ನಡೆಯುತ್ತದೆ. 100 ದಾಟಿದರೆ ಏರ್‌ಲೈನಿನ ಒಪ್ಪಿಗೆ ಬೇಕು. ಇಲ್ಲದಿದ್ದರೆ ಕೌಂಟರಿನಲ್ಲೇ ಬಿಟ್ಟು ಕಣ್ಣೀರು ಹಾಕಿ ಹೋಗಬೇಕಾಗುತ್ತದೆ.

ಒಬ್ಬನೇ ಹೋದರೆ ಅಂಗಡಿಯವನು ಗದರಿಸಿ ಕಳಿಸುತ್ತಾನೆ. ಐದು ಜನ ಸೇರಿ ಹೋಗಿ. ರೂಮಿನವರೆಲ್ಲ ಸೇರಿ ಒಂದೇ ಕಡೆ, ಒಂದೇ ಕಂಪನಿಯ ಮೆಷಿನ್ ಕೊಳ್ಳಿ. ರೇಟೂ ಇಳಿಯುತ್ತದೆ, ಕಾರ್ಬನ್, ಚಾರ್ಜರ್ ಒಬ್ಬರದು ಇನ್ನೊಬ್ಬರಿಗೆ ಆಗುತ್ತದೆ. ಮೋಸ ಮಾಡಿದ ಅಂಗಡಿಗೆ ಕ್ಯಾಂಪಿನ ಒಬ್ಬನೂ ಕಾಲಿಡಬಾರದು. ಸರಿಯಾಗಿ ಸರ್ವಿಸ್ ಕೊಟ್ಟ ಅಂಗಡಿಗೆ ಹತ್ತು ಜನರನ್ನು ಕರೆದುಕೊಂಡು ಹೋಗಿ. ಕಂಪನಿ ಸ್ಟೋರಿನಲ್ಲಿ ಗಾರ್ಡ್ ಇಲ್ಲದ ಗ್ರೈಂಡರ್ ಕೊಟ್ಟರೆ ಎಲ್ಲರೂ ಒಟ್ಟಿಗೆ ವಾಪಸ್ ಇಡಿ, ಸೇಫ್ಟಿ ಆಫೀಸರಿಗೆ ತೋರಿಸಿ. ಒಬ್ಬನನ್ನು ಬೈಯಬಹುದು, ಇಡೀ ಗ್ಯಾಂಗನ್ನು ಬೈಯಲಾರರು!

ಇಂದು ರಾತ್ರಿ ಊಟ ಆದ ಮೇಲೆ ನಿಮ್ಮ ಟೂಲ್ ಬಾಕ್ಸ್ ತೆರೆಯಿರಿ. ಒಂದೊಂದೇ ಡಿಸ್ಕಿನ ತಾರೀಖು ನೋಡಿ. ಮುಗಿದದ್ದನ್ನು ಮುರಿದು ಹಾಕಿ. ಗಾರ್ಡ್ ಕಳೆದುಹೋಗಿದ್ದರೆ ನಾಳೆ ಬೆಳಿಗ್ಗೆಯೇ ಸ್ಟೋರಿನಲ್ಲಿ ಕೇಳಿ. 1900, 19911 ಎರಡೂ ನಂಬರ್ ಮೊಬೈಲಿಗೆ ಹಾಕಿಕೊಳ್ಳಿ. ಮತ್ತೆ ಈ ಹಾಳೆಯನ್ನು ಪಕ್ಕದ ಮಂಚದವನಿಗೆ ಕೊಡಿ. ಓದಲು ಬಾರದವನಿಗೆ ಕೂರಿಸಿಕೊಂಡು ಓದಿ ಹೇಳಿ. ಈ ವಾರ ಬಂದ ಹೊಸ ಹುಡುಗನಿಗೆ ಎಲ್ಲರಿಗಿಂತ ಮೊದಲು ಹೇಳಿ!